ನವಲಗುಂದದ ಮಗ್ಗ, ನಾರ್ವೆಯ ಗೋಡೆ

ನವಲಗುಂದದ ಜಮಖಾನ ಎಂದರೆ ಬಣ್ಣ ಹಾಕಿದ ಹತ್ತಿನೂಲನ್ನು ನಿಂತ ಮಗ್ಗದ ಮೇಲೆ ಬೆರಳಿನಿಂದಲೇ ಹೆಣೆದು ಮಾಡುವ ದಪ್ಪ ಹಾಸು. ಅದರಲ್ಲಿ ಗಂಟಿಲ್ಲ, ಜುಂಗಿಲ್ಲ, ಕಸೂತಿಯ ಹೊಲಿಗೆಯಿಲ್ಲ, ಮೇಲಿಂದ ಒತ್ತಿದ ಅಚ್ಚೂ ಇಲ್ಲ. ನವಿಲು, ಹೂವು, ಪಗಡೆಯ ಹಾಸು, ಮೆಟ್ಟಿಲು ಮೆಟ್ಟಿಲಾದ ಚೌಕ, ಕಣ್ಣಿಗೆ ಬೀಳುವುದೆಲ್ಲ ಬಟ್ಟೆ ಹುಟ್ಟುವಾಗಲೇ ಅದರೊಳಗೆ ಮೂಡಿದ್ದು. ಚಿತ್ರದ ಎಳೆಗಳನ್ನು ಬಿಚ್ಚಿ ತೆಗೆದರೆ ಹಿಂದೆ ಬಟ್ಟೆಯೂ ಉಳಿಯುವುದಿಲ್ಲ. ಇದೇ ಬಗೆಯ ನೇಯ್ಗೆಯನ್ನು ಯುರೋಪಿನ ಉತ್ತರ ತುದಿಯ ಸ್ವೀಡನ್, ನಾರ್ವೆಗಳಲ್ಲಿ ಉಣ್ಣೆಯ ನೂಲಿನಿಂದ ಮಾಡಿದರು. ಅಲ್ಲಿ ಅದು ಹಾಸಿಗೆಯಿಂದ, ಬೆಂಚಿನಿಂದ ಮೆಲ್ಲಗೆ ಗೋಡೆಗೇರಿ, ಕಡೆಗೆ ಕಲಾಶಾಲೆಗಳ ಒಳಗೂ ಹೋಯಿತು. ನವಲಗುಂದದಲ್ಲಿ ಅದು ನೆಲದ ಮೇಲೆಯೇ ಉಳಿಯಿತು.

ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ನವಲಗುಂದ. ಸುತ್ತ ಎರೆ ಭೂಮಿ. ಹತ್ತಿ, ಜೋಳ, ಕಡಲೆ, ಗೋದಿಯ ಸೀಮೆ. ಹೊರಗಿನವರಿಗೆ ಈ ಊರು ಹೆಚ್ಚು ಪರಿಚಯವಾದದ್ದು 1980ರ ರೈತ ಬಂಡಾಯದಿಂದ, ಇಲ್ಲವೇ ಹೋಳಿಯ ರಾಮಲಿಂಗ ಕಾಮಣ್ಣನಿಂದ. ಜಮಖಾನದ ಹೆಸರು ಬರುವುದು ಮೂರನೆಯದಾಗಿ. ಆದರೆ ಊರೊಳಗೆ ಈ ಕಸುಬಿನ ಹೆಸರು ಹೊತ್ತ ಓಣಿಯೇ ಇದೆ, ಜಮಖಾನ ಗಲ್ಲಿ. ನೇಕಾರರ ಪೂರ್ವಿಕರು ಆದಿಲ್‌ಶಾಹಿಗಳ ಕಾಲದಲ್ಲಿ, ವಿಜಯನಗರದೊಂದಿಗಿನ ಕಾಳಗಗಳ ಗದ್ದಲದಲ್ಲಿ, ವಿಜಯಪುರ ಬಿಟ್ಟು ದಕ್ಷಿಣಕ್ಕೆ ಬಂದು ಇಲ್ಲಿ ನೆಲೆನಿಂತರೆಂಬ ಪ್ರತೀತಿ ಉಂಟು. ಈ ಮಾತಿಗೆ ಶಾಸನದ ಆಧಾರ ಕೇಳುವುದು ವ್ಯರ್ಥ. ಇಂದಿನ ಹೆದ್ದಾರಿಯೂ ವಿಜಯಪುರದಿಂದ ಕೃಷ್ಣೆ, ಮಲಪ್ರಭೆಗಳನ್ನು ದಾಟಿ ನರಗುಂದದ ಮೇಲೆ ಇದೇ ಊರಿಗೆ ಇಳಿಯುತ್ತದೆ. ಹಾಗೆ ಬರಲು ಹಾದಿ ಇದೆ ಎನ್ನುವಷ್ಟು ಮಾತ್ರ ನಕ್ಷೆ ಹೇಳುತ್ತದೆ. ಕಸುಬನ್ನು ಹಿಡಿದು ನಡೆಸಿಕೊಂಡು ಬಂದವರು ಶೇಖ್ ಸಮುದಾಯದ ಮುಸ್ಲಿಂ ಹೆಣ್ಣುಮಕ್ಕಳು.

ಇಲ್ಲಿ ನೇಯುವ ಹಾಸುಗಳಲ್ಲಿ ಮೂರು ಬಗೆ. ದೊಡ್ಡದು, ಚಿತ್ತಾರದ್ದು ಜಮಖಾನ. ನಮಾಜಿಗೆ ಮಂಡಿಯೂರುವ ಅಳತೆಯದು, ಕಮಾನಿನ ಆಕೃತಿ ಇರುವುದು ಜಾನಮಾಜ್. ಚಿತ್ತಾರವಿಲ್ಲದೆ ಬರೀ ಪಟ್ಟೆಗಳಲ್ಲಿ ನೇಯ್ದು ಮನೆಬಳಕೆಗೆ ಹಾಸುವ ಗಟ್ಟಿ ಬಟ್ಟೆ ಗುಡಾರ. ಉತ್ತರ ಕರ್ನಾಟಕದ ಮನೆಯಲ್ಲಿ ಜಮಖಾನಕ್ಕೆ ಇರುವ ಕೆಲಸ ಮೇಜುಕುರ್ಚಿಗೆ ಎಂದೂ ಸಿಕ್ಕಿಲ್ಲ. ಬೀಗರು ಬಂದರೆ, ಪಂಚರು ಕೂತರೆ, ಭಜನೆ ಶುರುವಾದರೆ ಮೊದಲು ಬಿಚ್ಚಿಕೊಳ್ಳುವುದು ಅದು. ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ವಾಡೆಯ ಅಂಗಳದ ಅಹೋರಾತ್ರಿ ಸಂಗೀತವನ್ನು ಜನ ಕೇಳುತ್ತ ಬಂದಿರುವುದೂ ನೆಲದ ಹಾಸಿನ ಮೇಲೆ ಕೂತೇ. ಕೆಲಸ ಮುಗಿದ ಮೇಲೆ ಅದನ್ನು ಕೊಡವಿ, ಮಡಚಿ, ಅಟ್ಟಕ್ಕೋ ಮೂಲೆಗೋ ಸೇರಿಸುತ್ತಾರೆ. ಸದಾ ಕಣ್ಣೆದುರು ಇರಬೇಕಾದ ವಸ್ತು ಎಂದು ಅದನ್ನು ಯಾರೂ ಎಣಿಸಲಿಲ್ಲ.

ಮಗ್ಗ ಸರಳ. ಎರಡು ಗಟ್ಟಿ ಕಂಬ, ಮೇಲೊಂದು ಕೆಳಗೊಂದು ತೊಲೆ. ಎರಡು ತೊಲೆಗಳ ನಡುವೆ ಹಾಸಿನ ಎಳೆಗಳನ್ನು, ಅಂದರೆ ಉದ್ದ ನೂಲುಗಳನ್ನು, ಬಿಗಿಯಾಗಿ ಎಳೆದು ಕಟ್ಟುತ್ತಾರೆ. ನೇಯುವವರು ಅದರ ಮುಂದೆ ಕೂರುತ್ತಾರೆ. ಅಗಲ ಹೆಚ್ಚಿದ್ದರೆ ಇಬ್ಬರು ಒಟ್ಟಿಗೆ. ಸೀರೆ ಮಗ್ಗದಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಒಂದೇ ಓಟದಲ್ಲಿ ಹಾಯುತ್ತದೆ. ಇಲ್ಲಿ ಹಾಗಿಲ್ಲ. ಪ್ರತಿಯೊಂದು ಬಣ್ಣಕ್ಕೂ ಒಂದೊಂದು ನೂಲುಂಡೆ. ಕೆಂಪು ಬೇಕಾದಷ್ಟು ಎಳೆಗಳ ಸಂದಿನಲ್ಲಿ ಕೆಂಪು ಹೊಕ್ಕು ಹೋಗಿ ಅಲ್ಲಿಂದಲೇ ಹಿಂದಿರುಗುತ್ತದೆ. ಪಕ್ಕದ ಹಳದಿ ತನ್ನ ಪಾಲಿನ ಜಾಗದಲ್ಲಿ ಓಡಾಡುತ್ತದೆ. ಹೀಗೆ ತುಂಬಿದ ಸಾಲನ್ನು ಪಂಜಾದಿಂದ ಕುಟ್ಟಿ ಕೂರಿಸುತ್ತಾರೆ. ಪಂಜಾ ಎಂದರೆ ಬಾಗಿದ ಹಲ್ಲುಗಳಿರುವ ಕಬ್ಬಿಣದ ಹಣಿಗೆ. ಕುಟ್ಟುವುದು ಎಷ್ಟು ಬಿಗಿಯಾಗಿರಬೇಕೆಂದರೆ ಹಾಸಿನ ಎಳೆ ಪೂರ್ತಿ ಮುಚ್ಚಿ ಹೊಕ್ಕು, ಅಂದರೆ ಅಡ್ಡ ನೂಲು, ಮಾತ್ರ ಕಾಣಬೇಕು. ಚಿತ್ತಾರಕ್ಕೆ ಕಾಗದದ ನಕ್ಷೆಯ ಹಂಗಿಲ್ಲ. ಎಷ್ಟು ಎಳೆ ಬಿಟ್ಟು ಎಷ್ಟು ಎಳೆ ಹಿಡಿಯಬೇಕೆಂಬ ಲೆಕ್ಕವೆಲ್ಲ ನೆನಪಿನಲ್ಲಿ.

ಈ ನೇಯ್ಗೆಯ ನಿಜವಾದ ಸಮಸ್ಯೆ ಇರುವುದು ಎರಡು ಬಣ್ಣ ಸಂಧಿಸುವ ಗೆರೆಯಲ್ಲಿ. ಕೆಂಪು ತನ್ನ ಕಡೆಗೆ ತಿರುಗಿತು, ಹಳದಿ ತನ್ನ ಕಡೆಗೆ ತಿರುಗಿತು ಎಂದಾದರೆ ನಡುವೆ ಅವನ್ನು ಹಿಡಿದಿಡುವುದು ಏನೂ ಇಲ್ಲ. ಸಾಲಿನ ಮೇಲೆ ಸಾಲು ಹೀಗೇ ಆದರೆ ಬಟ್ಟೆಯಲ್ಲಿ ನೆಟ್ಟನೆಯ ಸೀಳು ಬೀಳುತ್ತದೆ. ತುರ್ಕಿ, ಇರಾನಿನ ಕಿಲೀಮ್ ನೇಕಾರರು ಆ ಸೀಳನ್ನು ಹಾಗೆಯೇ ಬಿಟ್ಟು, ಚಿಕ್ಕದಾಗಿ ಇರುವಂತೆ ನೋಡಿಕೊಂಡರು. ಎರಡನೆಯ ದಾರಿ, ಗಡಿಯ ಒಂದೇ ಹಾಸಿನ ಎಳೆಯನ್ನು ಎರಡೂ ಬಣ್ಣಗಳು ಸರದಿಯ ಮೇಲೆ ಸುತ್ತುವುದು. ಸೀಳು ಮುಚ್ಚುತ್ತದೆ, ಆದರೆ ಆ ಎಳೆಯ ಮೇಲೆ ಇಮ್ಮಡಿ ನೂಲು ಕೂತು ಅಲ್ಲಿ ದಪ್ಪ ಏರುತ್ತದೆ. ಮೂರನೆಯದು, ಎರಡು ಎಳೆಗಳ ನಡುವಿನ ಸಂದಿನಲ್ಲಿ ಎರಡು ಬಣ್ಣದ ಹೊಕ್ಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ತಿರುಗುವುದು. ನಾಲ್ಕನೆಯದು ಎಲ್ಲಕ್ಕಿಂತ ಜಾಣತನದ್ದು: ನೆಟ್ಟಗಿನ ಗೆರೆಯನ್ನೇ ಹಾಕದಿರುವುದು. ಪ್ರತಿ ಒಂದೆರಡು ಸಾಲಿಗೆ ಗಡಿಯನ್ನು ಒಂದೊಂದು ಎಳೆ ಪಕ್ಕಕ್ಕೆ ಸರಿಸಿದರೆ ಗೆರೆ ಓರೆಯಾಗುತ್ತದೆ, ಸೀಳಿಗೆ ಉದ್ದ ಸಿಗುವುದಿಲ್ಲ, ಬಟ್ಟೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಜಮಖಾನದ ಮೆಟ್ಟಿಲಂಚಿನ ಹರಳು, ಗರಗಸದ ಹಲ್ಲಿನ ಅಂಚು, ಮೂಲೆ ಮೂಲೆಯಾಗಿ ಮುರಿದ ನವಿಲಿನ ಕತ್ತು ಬಂದದ್ದು ಇಲ್ಲಿಂದ. ಅವನ್ನು ನೋಡಿ ‘ಜ್ಯಾಮಿತೀಯ ಶೈಲಿ’ ಎಂದು ಹೆಸರಿಟ್ಟು ಸುಮ್ಮನಾಗುವುದು ರೂಢಿ. ಅದು ಮೊದಲಿಗೆ ಶೈಲಿಯಲ್ಲ, ನೂಲಿನ ಒತ್ತಾಯ. ಉರುಟಾದ ನವಿಲನ್ನು ನೇಯಲು ಬರುವುದಿಲ್ಲವೆಂದಲ್ಲ. ದಪ್ಪ ನೂಲಿನಲ್ಲಿ, ವಿರಳ ಎಳೆಗಳ ಮೇಲೆ ಉರುಟು ಎಂಬುದೇ ಇಲ್ಲ. ಇರುವುದು ಸಣ್ಣ ಮೆಟ್ಟಿಲು ಮತ್ತು ದೊಡ್ಡ ಮೆಟ್ಟಿಲು.

ಸ್ವೀಡನ್ನಿನ ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ‘ರೋಲಾಕನ್’ ಎಂಬ ನೇಯ್ಗೆ ಇದೆ. 18ನೇ ಶತಮಾನದ ಮಧ್ಯದಿಂದ 19ನೇ ಶತಮಾನದ ಮಧ್ಯದವರೆಗೆ ಅಲ್ಲಿನ ರೈತರ ಮನೆಗಳಲ್ಲಿ ಅದು ಉಚ್ಛ್ರಾಯದಲ್ಲಿತ್ತು. ಎಂಟು ಮೂಲೆಯ ನಕ್ಷತ್ರ, ಹರಳು, ಹಕ್ಕಿ, ಜಿಂಕೆ, ಮೆಟ್ಟಿಲಂಚಿನ ಚೌಕ. ನವಲಗುಂದದ ಹಾಸಿನ ಪಕ್ಕದಲ್ಲಿ ಇಟ್ಟರೆ ಅಕ್ಕತಂಗಿಯರೆನ್ನುವ ಹಾಗಿವೆ. ಸ್ಕೋನೆಗೂ ಎರೆ ಸೀಮೆಗೂ ಕೊಡುಕೊಳ್ಳುವಿಕೆ ಇದ್ದಿರಬೇಕೆಂದು ಊಹೆ ಹೆಣೆಯಬೇಕಾದ ಅಗತ್ಯವಿಲ್ಲ. ಕೊಂಡಿ ಹಾಕಿ ತಿರುಗಿಸುವ ಹೊಕ್ಕು ಎಲ್ಲಿಗೆ ಹೋದರೂ ಇದೇ ಆಕೃತಿಗಳನ್ನು ಹಡೆಯುತ್ತದೆ. ರೋಲಾಕನ್‌ನಲ್ಲಿ ಈ ಕೊಂಡಿಯನ್ನು ಎರಡು ಸಲ ಹಾಕುವ ಕ್ರಮವೊಂದಿದೆ. ಆಗ ಹಿಂಬದಿಯಲ್ಲಿ ಸಣ್ಣ ಏಣು ಏಳುತ್ತದೆ, ಮುಂಬದಿಯ ಗೆರೆ ಕತ್ತರಿಸಿದಂತೆ ಚೂಪಾಗಿ ನಿಲ್ಲುತ್ತದೆ. ಬಟ್ಟೆಗೆ ಬೆನ್ನು ಬೇರೆ, ಮುಖ ಬೇರೆ. ಎರಡೂ ಮಗ್ಗುಲು ಒಂದೇ ತೆರನಾಗಿ ಬರುವ ಇನ್ನೊಂದು ಕ್ರಮವೂ ಅಲ್ಲಿ ಬಳಕೆಯಲ್ಲಿದೆ. ಪಂಜಾದಿಂದ ಕುಟ್ಟಿ ನೇಯುವ ಭಾರತದ ಹಾಸುಗಳು ಸಾಮಾನ್ಯವಾಗಿ ಈ ಎರಡನೆಯ ಜಾತಿಯವು: ಒಂದು ಮಗ್ಗುಲು ಕೊಳೆಯಾದರೆ ಮಗುಚಿ ಹಾಸಬೇಕಲ್ಲ.

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ‘ಓಕ್ಲೆ’ ಎಂಬ ಹೊದಿಕೆ ಇದೇ ಮನೆತನದ್ದು, ಚೌಕಗಳದ್ದೇ ಚಿತ್ತಾರ. ಹಾಸಿಗೆಯ ಮೇಲೆ ಹೊದೆಯುವ, ಹಬ್ಬಕ್ಕೆ ಗೋಡೆಗೆ ಕಟ್ಟುವ, ಸತ್ತಾಗ ಶವಪೆಟ್ಟಿಗೆಗೆ ಹೊದಿಸುವ ಬಟ್ಟೆ ಅದು. ಮರದ ದಿಮ್ಮಿಗಳ ಮನೆ, ಆರು ತಿಂಗಳ ಚಳಿ, ಸೂರ್ಯ ಮುಖ ತೋರಿಸದ ದಿನಗಳು. ಅಂಥ ಗೋಡೆಗೆ ಉಣ್ಣೆಯ ಬಟ್ಟೆ ಕಟ್ಟಿದರೆ ಚಳಿಗಾಳಿಗೂ ತಡೆ, ಕಣ್ಣಿಗೂ ಬಣ್ಣ. ಧಾರವಾಡ ಸೀಮೆಯ ಮಣ್ಣಿನ ದಪ್ಪ ಗೋಡೆಗೆ ಆ ಕೊರತೆ ಎಂದೂ ಇರಲಿಲ್ಲ. ಇಲ್ಲಿ ಬೇಕಾದದ್ದು ತಂಪು ನೆಲದ ಮೇಲೆ ಕೂರಲು ಒಂದು ಹಾಸು. ಒಂದೇ ನೇಯ್ಗೆ ಅಲ್ಲಿ ನಿಂತು, ಇಲ್ಲಿ ಮಲಗಿದ್ದಕ್ಕೆ ಕಾರಣ ಹವಾಮಾನಕ್ಕಿಂತ ದೊಡ್ಡದೇನೂ ಅಲ್ಲ.

ಉತ್ತರದ ನಾಡುಗಳ ಗೋಡೆಬಟ್ಟೆಗೆ ಸಾವಿರ ವರ್ಷದ ಸಾಕ್ಷ್ಯ ಉಳಿದಿದೆ. ಸ್ವೀಡನ್ನಿನ ಓವರ್‌ಹೊಗ್ಡಾಲ್ ಊರಿನ ಚರ್ಚಿನಲ್ಲಿ 1909–10ರಲ್ಲಿ ಸಿಕ್ಕ ತುಂಡುಗಳು ವೈಕಿಂಗ್ ಕಾಲದ ಕೊನೆಗೆ ಸೇರಿದವು. ನಾರ್ವೆಯ ಬಾಲ್ಡಿಶೋಲ್ ಚರ್ಚಿನ, ಎರಡು ತಿಂಗಳುಗಳನ್ನು ಚಿತ್ರಿಸಿದ ನೇಯ್ಗೆ 12ನೇ ಶತಮಾನದ ಸುಮಾರಿನದು. ಆಗ ಬಳಸುತ್ತಿದ್ದ ಮಗ್ಗವೂ ನಿಂತದ್ದೇ. ಆದರೆ ಹಾಸಿನ ಎಳೆಗಳ ಕೆಳತುದಿಗೆ ತೊಲೆಯ ಬದಲು ಕಲ್ಲಿನ ಗುಂಡು ಕಟ್ಟಿ ಜೋತುಬಿಡುತ್ತಿದ್ದರು, ನೇಯ್ಗೆ ಮೇಲಿನಿಂದ ಕೆಳಕ್ಕೆ ಸಾಗುತ್ತಿತ್ತು, ಹೊಕ್ಕನ್ನು ಮೇಲ್ಮುಖವಾಗಿ ಕುಟ್ಟಬೇಕಿತ್ತು. ನವಲಗುಂದದ ನೇಕಾರ್ತಿಗೆ ಇದನ್ನು ತೋರಿಸಿದರೆ ನಗು ಬರಬಹುದು. ಪಶ್ಚಿಮ ನಾರ್ವೆಯ ಕೆಲವೆಡೆ ಮತ್ತು ಸಾಮಿ ಜನರಲ್ಲಿ ಈ ಮಗ್ಗ 20ನೇ ಶತಮಾನದವರೆಗೂ ಉಳಿದಿತ್ತು. ಫಿನ್ಲೆಂಡಿನ ‘ರೂಯಿಯು’ ಬೇರೆ ಜಾತಿ: ಅದು ಗಂಟು ಹಾಕಿ ಜುಂಗು ಬಿಟ್ಟ ಉಣ್ಣೆ ಹೊದಿಕೆ, ರತ್ನಗಂಬಳಿಯ ಸಂಬಂಧಿ.

ಬಣ್ಣದ ಮಾತಿಗೆ ಬಂದರೆ ಉಣ್ಣೆ ಮತ್ತು ಹತ್ತಿಯ ದಾರಿ ಬೇರೆಯಾಗುತ್ತದೆ. ಉಣ್ಣೆ ಕೂದಲಿನಂತೆ ಪ್ರೋಟೀನು. ಪಟಿಕದ ನೀರಿನಲ್ಲಿ ಕುದಿಸಿದರೆ ಬರ್ಚ್ ಎಲೆಯ ಹಳದಿಯನ್ನೂ ಮಂಜಿಷ್ಠದ ಕೆಂಪನ್ನೂ ಸುಲಭವಾಗಿ ಹಿಡಿದುಕೊಳ್ಳುತ್ತದೆ. ಹತ್ತಿ ಸೆಲ್ಯುಲೋಸ್, ಹಟದ ನಾರು. ಅದನ್ನು ಮೊದಲು ಕುದಿಸಿ ಮೇಣ ಬಿಡಿಸಬೇಕು, ಅಳಲೆಕಾಯಿಯ ಒಗರಿನಲ್ಲಿ ಅದ್ದಬೇಕು, ಆಮೇಲೆ ಪಟಿಕ, ಆಮೇಲೆ ಬಣ್ಣ. ನೀಲಿಯೊಂದೇ ಇದಕ್ಕೆ ಹೊರತು. ನೀಲಿ ನೀರಿನಲ್ಲಿ ಕರಗುವುದಿಲ್ಲ. ಹುದುಗಿನಲ್ಲಿ ಆಮ್ಲಜನಕ ಕಳೆದುಕೊಂಡಾಗ ಮಾತ್ರ ಹಸಿರು–ಹಳದಿ ದ್ರವವಾಗುತ್ತದೆ. ಅದರಲ್ಲಿ ಅದ್ದಿದ ನೂಲು ಹೊರತೆಗೆದ ಮೇಲೆ ಗಾಳಿ ಸೋಕಿ ಕಣ್ಣೆದುರೇ ನೀಲಿಯಾಗುತ್ತದೆ, ಹತ್ತಿಯಾಗಲಿ ಉಣ್ಣೆಯಾಗಲಿ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಅಡ್ಡಹೆಸರಾಗಿ ಉಳಿದಿರುವ ನೀಲಗಾರರ ಕಸುಬು ಇದೇ. ನಾರ್ವೆಯ ಹಳ್ಳಿಗಳಲ್ಲಿ ನೀಲಿಯ ಹುದುಗಿಗೆ ಹಳತಾದ ಮೂತ್ರ ಬಳಸುತ್ತಿದ್ದರು. ಹನ್ನಾ ರಿಗ್ಗೆನ್ (1894–1970) ಎಂಬ ಕಲಾವಿದೆ ಓರ್ಲಾನ್ ಎಂಬಲ್ಲಿನ ತನ್ನ ಹೊಲಮನೆಯಲ್ಲಿ ತಾನೇ ಉಣ್ಣೆ ನೂತು, ಗಿಡಮೂಲಿಕೆಗಳಿಂದ ಬಣ್ಣ ಕಟ್ಟಿ, ಮನೆಗೆ ಬಂದ ಅತಿಥಿಗಳಿಂದಲೂ ನೀಲಿಯ ಗಡಿಗೆಗೆ ‘ಕಾಣಿಕೆ’ ಪಡೆಯುತ್ತಿದ್ದರಂತೆ.

ನವಲಗುಂದದಲ್ಲಿ ಈಗ ಇರುವುದು ರಾಸಾಯನಿಕ ಬಣ್ಣ. ನೂಲನ್ನು ಲಡಿಗಳಾಗಿ ತಂದು, ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ, ಕೋಲಿನಿಂದ ತಿರುವಿ, ನೆರಳಲ್ಲಿ ಆರಿಸುವ ಕೆಲಸ ಕೈಯದೇ. ಕೆಂಪು, ಹಳದಿ, ಹಸಿರು, ನೀಲಿ, ಕಪ್ಪು, ಎಲ್ಲ ಮುಖಕ್ಕೆ ಹೊಡೆಯುವ ಬಣ್ಣಗಳು. ದೀಪದ ಮಂದ ಬೆಳಕಿನಲ್ಲೂ ಎದ್ದು ಕಾಣಬೇಕಿದ್ದ ಕಾಲದ ಆಯ್ಕೆ ಎನ್ನಬಹುದು. ಬರೀ ಉಪ್ಪು ಹಾಕಿ ಕುದಿಸುವ ಅಗ್ಗದ ಬಣ್ಣ ಒಗೆದಾಗ ಬಿಡುತ್ತದೆ. ಕಾಸ್ಟಿಕ್ ಸೋಡ, ಹೈಡ್ರೋಸ್ ಬೇಡುವ ವ್ಯಾಟ್ ಬಣ್ಣ ಗಟ್ಟಿ, ಆದರೆ ದುಬಾರಿ, ಕೈ ಸುಡುವಂಥದ್ದು. ಎರೆ ಸೀಮೆಯ ಅಂತರ್ಜಲ ಬಹಳ ಕಡೆ ಸವಳು, ಗಡಸು. ಅದರಲ್ಲಿ ಬಣ್ಣ ಸಮನಾಗಿ ಏರುವುದೂ ಕಷ್ಟ. ಒಂದು ಲಡಿಗೂ ಇನ್ನೊಂದು ಲಡಿಗೂ ಛಾಯೆ ತುಸು ಬೇರೆಯಾಗಿ ನೇಯ್ಗೆಯಲ್ಲಿ ಮಸುಕು ಪಟ್ಟೆ ಬೀಳುವುದುಂಟು. ವ್ಯಾಪಾರಿ ಅದನ್ನು ದೋಷ ಎನ್ನುತ್ತಾನೆ. ಯುರೋಪಿನ ಕೈಮಗ್ಗದವರು ಅದನ್ನೇ ಬೇಕೆಂದು ಮಾಡಿಕೊಳ್ಳುತ್ತಾರೆ, ಏಕೆಂದರೆ ದೂರದಿಂದ ನೋಡುವಾಗ ಆ ಏರಿಳಿತದಿಂದಲೇ ಬಣ್ಣಕ್ಕೆ ಆಳ ಬರುತ್ತದೆ.

ಹತ್ತಿಯ ವಿಷಯದಲ್ಲಿ ಈ ಸೀಮೆಗೆ ಹೊರಗಿನವರ ಪಾಠ ಬೇಕಿಲ್ಲ. ಧಾರವಾಡ ಭಾಗದ ಜಯಧರ ತಳಿ ಗಿಡ್ಡ ಎಳೆಯದು, ಒರಟು. ನಯವಾದ ಅಂಗಿಬಟ್ಟೆಗೆ ಸಲ್ಲದಿದ್ದರೂ ದಪ್ಪ ನೂಲಿಗೆ ಹೇಳಿ ಮಾಡಿಸಿದ್ದು. ಧಾರವಾಡ ತಾಲ್ಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಬಣ್ಣ ಹಾಕದೆಯೇ ಕಂದು ಇರುವ ಹತ್ತಿಯ ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೆಲಸ ಮಾಡಿದೆ. ಆದರೆ ಹೊಲದಲ್ಲಿ ಇಂದು ಬಿಟಿ ಹತ್ತಿ, ಜಮಖಾನದ ನೂಲು ಗಿರಣಿಯದು.

ಕಸುಬು ಕೈಯಿಂದ ಕೈಗೆ ದಾಟುವ ಬಗೆಯಲ್ಲಿ ಎರಡು ನಾಡುಗಳು ಒಂದಕ್ಕೊಂದು ಬೆನ್ನು ತಿರುಗಿಸಿವೆ. ಸ್ಕೋನೆಯಲ್ಲಿ ಹುಡುಗಿ ತನ್ನ ಮದುವೆಗೆಂದೇ ತಾಯಿಯ ಬಳಿ ರೋಲಾಕನ್ ಕಲಿಯುತ್ತಿದ್ದಳು. ಗಾಡಿಯ ದಿಂಬು, ಬೆಂಚಿನ ಹಾಸು, ಹಾಸಿಗೆಯ ಹೊದಿಕೆ ಎಲ್ಲ ನೇಯ್ದು ಗಂಡನ ಮನೆಗೆ ಒಯ್ಯಬೇಕು. ಅದು ಮಾರುವ ಸರಕೇ ಅಲ್ಲ. ನವಲಗುಂದದಲ್ಲಿ ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ ಎಂಬ ಮಾತು ಪ್ರಸಿದ್ಧ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಅವಳ ಹಿಂದೆ ಹೋಗುತ್ತದೆ ಎಂಬ ಎಣಿಕೆ. ಮಾರಾಟದ ಕಸುಬಿಗೆ ಗುಟ್ಟು ಬೇಕು, ಮದುವೆಯ ಬಟ್ಟೆಗೆ ಬೇಡ. ಆ ಗುಟ್ಟು ಹಿಂದೆ ಊರನ್ನು ಕಾಯ್ದಿತು. ಸೊಸೆಯಂದಿರಿಗೇ ಮಗ್ಗದ ಕೂಲಿ ಬೇಡವಾದ ಮೇಲೆ ಅದೇ ಕಟ್ಟುಪಾಡು ಕಸುಬನ್ನು ಕೆಲವೇ ಮನೆಗಳಿಗೆ ಕುಗ್ಗಿಸಿತು. ಗಿರಣಿಯ ಪಟ್ಟೆ ಜಮಖಾನ, ಪ್ಲಾಸ್ಟಿಕ್ ಚಾಪೆ, ನೈಲಾನ್ ಕಾರ್ಪೆಟ್ ಸಂತೆಗೆ ಬಂದ ಮೇಲೆ, ದಿನಗಟ್ಟಲೆ ಕೂತು ನೇಯ್ದ ಜಮಖಾನಕ್ಕೂ ಸಂತೆಯ ಬೆಲೆ ಕೇಳುವವರೇ ಹೆಚ್ಚಾದರು. ನವಲಗುಂದದ ಜಮಖಾನಕ್ಕೆ 1999ರ ಕಾಯಿದೆಯಡಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬೇರೆ ಊರಿನವರು ಆ ಹೆಸರಿನಲ್ಲಿ ಮಾರದಂತೆ ಅದು ತಡೆಯಬಲ್ಲದು. ಕೊಳ್ಳುವವರನ್ನು ಕರೆತರುವುದು ಕಾನೂನಿನ ಕೆಲಸವಲ್ಲ.

ಉತ್ತರ ಯುರೋಪಿನಲ್ಲೂ ಗಿರಣಿ ಬಂದಾಗ ಇದೇ ಗತಿಯಾಗಿತ್ತು. ಅಲ್ಲಿ ಕೈಹಿಡಿದದ್ದು ಸಂಘಗಳು. ಸ್ಟಾಕ್‌ಹೋಮಿನ ಹಾಂಡಾರ್ಬೆಟೆಟ್ಸ್ ವೆನ್ನರ್ 1874ರಲ್ಲಿ, ನಾರ್ವೆಯ ಗೃಹಕೈಗಾರಿಕಾ ಸಂಘ 1891ರಲ್ಲಿ ಹುಟ್ಟಿದವು; ಹಳ್ಳಿಯ ಮಾದರಿಗಳನ್ನು ಕೂಡಿಹಾಕಿ, ಕಲಿಸಿ, ಪಟ್ಟಣದ ಕೊಳ್ಳುಗರಿಗೆ ಮುಟ್ಟಿಸಿದವು. ಸ್ಟಾವಾಂಗರಿನ ಫ್ರಿಡಾ ಹಾನ್ಸೆನ್ (1855–1931) ಹಳ್ಳಿಯ ನಿಂತ ಮಗ್ಗವನ್ನು ಕಲಿತು, 1897ರಲ್ಲಿ ತನ್ನದೊಂದು ಕ್ರಮಕ್ಕೆ ಪೇಟೆಂಟ್ ಪಡೆದರು. ಆಕೃತಿಯ ಸುತ್ತಲಿನ ಹಾಸಿನ ಎಳೆಗಳಿಗೆ ಹೊಕ್ಕು ಹಾಕದೆ ಬರಿದಾಗಿ ಬಿಡುವುದು, ಬೆಳಕು ಅಲ್ಲಿಂದ ತೂರಿ ಬರುವುದು. ನೆಲಕ್ಕೆ ಹಾಸುವ ಬಟ್ಟೆಯಲ್ಲಿ ಇದನ್ನು ಯೋಚಿಸಲೂ ಆಗದು. ಮಾರ್ತಾ ಮೋಸ್-ಫ್ಯೆಟರ್‌ಸ್ಟ್ರೋಮ್ 1919ರಲ್ಲಿ ಬೋಸ್ತಾದ್‌ನಲ್ಲಿ ತೆರೆದ ಕಾರ್ಯಾಗಾರ ಇಂದಿಗೂ ರೋಲಾಕನ್ ನೇಯುತ್ತಿದೆ. 1964ರಲ್ಲಿ ವೆನಿಸ್ ಬಿಯೆನಾಲೆಗೆ ನಾರ್ವೆಯ ಪರವಾಗಿ ಹೋದವರು ಅದೇ ಹನ್ನಾ ರಿಗ್ಗೆನ್. ಯುದ್ಧ, ಫ್ಯಾಸಿಸಂ, ಅಣುಶಕ್ತಿಯ ಭಯವನ್ನೆಲ್ಲ ಅವರು ಹೊಲಮನೆಯ ಮಗ್ಗದ ಮೇಲೆ ಗೋಡೆಯಷ್ಟು ದೊಡ್ಡದಾಗಿ ನೇಯ್ದಿದ್ದರು. ಅಲ್ಲಿ ನೇಯ್ಗೆಯ ಮೂಲೆಯಲ್ಲಿ ನೇಯ್ದವರ ಹೆಸರು ಬಂತು. ಜಮಖಾನಕ್ಕೆ ಸಿಕ್ಕದ್ದು ಊರಿನ ಹೆಸರು.

ಜಮಖಾನವನ್ನು ಗೋಡೆಗೆ ತೂಗುಹಾಕುವುದಾದರೆ ಕೆಲವು ಲೆಕ್ಕಗಳು ತಲೆಕೆಳಗಾಗುತ್ತವೆ. ಕಾಲಿನ ತಿಕ್ಕಾಟ, ಒಗೆತ ತಪ್ಪುತ್ತವೆ, ಆದ್ದರಿಂದ ತಿಕ್ಕಿದರೆ ಬಿಡುವ ಬಣ್ಣವೂ ಅಲ್ಲಿ ನಡೆದೀತು. ಆದರೆ ಬೆಳಕು ಇಡೀ ದಿನ ಬೀಳುತ್ತದೆ. ಬಿಸಿಲಿಗೆ ಮಾಸುವ ಬಣ್ಣ ಮಾತ್ರ ಸಲ್ಲದು. ಅರಿಶಿನದ ಹಳದಿ ಬೇಗ ಹಾರಿಹೋಗುತ್ತದೆ. ನೀಲಿ, ಮಂಜಿಷ್ಠ, ವ್ಯಾಟ್ ಬಣ್ಣಗಳು ತಾಳುತ್ತವೆ. ಹಿಂಬದಿ ಯಾರಿಗೂ ಕಾಣದ ಕಾರಣ ನೂಲಿನ ತುದಿಗಳನ್ನು ಒಳಗೆ ಅಡಗಿಸುವ ಶ್ರಮ ಉಳಿಯುತ್ತದೆ, ಏಣು ಏಳುವ ಜೋಡಿ ಕೊಂಡಿಯನ್ನೂ ಧಾರಾಳವಾಗಿ ಹಾಕಬಹುದು. ಅಳತೆ ಚಿಕ್ಕದಾಗುವುದರಿಂದ ಒಬ್ಬಳೇ ನೇಯಬಹುದು, ಹಾಕಿದ ದುಡ್ಡು ಬೇಗ ಕೈಗೆ ಬರುತ್ತದೆ. ಚಿತ್ತಾರದಲ್ಲೂ ಬದಲಾವಣೆ ಬೇಕು. ಜಮಖಾನ ನಾಲ್ಕೂ ಕಡೆಯಿಂದ ನೋಡುವ ಹಾಸು, ಅದಕ್ಕೆ ತಲೆಬುಡವಿಲ್ಲ. ಗೋಡೆಯ ಬಟ್ಟೆಗೆ ಮೇಲು–ಕೆಳಗು ಇದೆ. ಜಾನಮಾಜ್ ಒಂದೇ ಈಗಾಗಲೇ ದಿಕ್ಕುಳ್ಳದ್ದು. ಆದರೆ ಪ್ರಾರ್ಥನೆಯ ಹಾಸನ್ನು ಅಲಂಕಾರಕ್ಕೆ ತೂಗುಹಾಕಲು ನೇಯ್ದವರ ಮನೆಯಲ್ಲಿ ಒಪ್ಪಿಗೆ ಸಿಗುವುದು ಸಂಶಯ. ನವಿಲು, ಹೂಬಳ್ಳಿಗಳೇ ಮೇಲು.

ಹತ್ತಿಯ ದಪ್ಪ ನೇಯ್ಗೆ ಉಣ್ಣೆಗಿಂತ ಭಾರ. ಎರಡು ಮೂಲೆಗೆ ಮೊಳೆ ಹೊಡೆದು ತೂಗಿದರೆ ವರ್ಷದೊಳಗೆ ನಡು ಜೋಲುತ್ತದೆ. ಮೇಲಂಚಿನ ಹಿಂಬದಿಗೆ ಉದ್ದಕ್ಕೂ ಬಟ್ಟೆಯ ಕೊಳವೆ ಹೊಲಿದು, ಅದರೊಳಗೆ ಮರದ ಇಲ್ಲವೇ ಕಬ್ಬಿಣದ ಸಲಾಕೆ ತೂರಿಸಿ, ಭಾರ ಎಲ್ಲ ಎಳೆಗಳಿಗೂ ಹಂಚಿಹೋಗುವಂತೆ ತೂಗಬೇಕು. ಮಳೆಗಾಲದಲ್ಲಿ ಒದ್ದೆ ಹೀರುವ ಹೊರಗೋಡೆಗಿಂತ ಒಳಗೋಡೆ ಲೇಸು. ಕಲಘಟಗಿಯಂಥ ಅರೆಮಲೆನಾಡಿನಲ್ಲಿ ಗೋಡೆಗೂ ಬಟ್ಟೆಗೂ ನಡುವೆ ಬೆರಳಷ್ಟು ಗಾಳಿ ಆಡಲು ಜಾಗ ಬಿಡದಿದ್ದರೆ ಬೂಷ್ಟು ಹಿಡಿಯುತ್ತದೆ. ಉಣ್ಣೆಗೆ ಬರುವ ನುಸಿ ಹತ್ತಿಗೆ ಬರುವುದಿಲ್ಲ, ಆದರೆ ಗಂಜಿ ಹಾಕಿದ ನೂಲಿಗೆ ಬೆಳ್ಳಿಮೀನು ಹುಳು ಹತ್ತುತ್ತದೆ. ಆದ್ದರಿಂದ ತೂಗುವ ಮುನ್ನ ಒಮ್ಮೆ ತಣ್ಣೀರಿನಲ್ಲಿ ಗಂಜಿ ಹೋಗುವಂತೆ ಜಾಲಿಸಿ, ನೆರಳಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸಿಕೊಳ್ಳಬೇಕು. ಆಮೇಲೆ ತಿಂಗಳಿಗೊಮ್ಮೆ ಮೆತ್ತನೆಯ ಕುಂಚದಿಂದ ಮೇಲಿಂದ ಕೆಳಕ್ಕೆ ಧೂಳು ಝಾಡಿಸಿದರೆ ಸಾಕು.